ಹಾಲವ್ವ ಹೇಳದ ಹೆಸರು

ಶಿಗ್ಗಾಂವಿ ದಾಟುವಷ್ಟರಲ್ಲಿ ಕರಿಬಸಪ್ಪನಿಗೆ ಖಾತ್ರಿಯಾಗಿತ್ತು. ಹೆಂಡತಿ ಹಾಲವ್ವ ಬೆಳಗಿನಿಂದ ಎಲ್ಲರ ಹೆಸರನ್ನೂ ಹೇಳಿದ್ದಳು, ಗುದ್ಲೆಪ್ಪನದೊಂದನ್ನು ಬಿಟ್ಟು.

ಆಡೂರಿನಲ್ಲಿ ಚಹಾ ಕೊಟ್ಟವನು ಅವಳಿಗೆ ಫಕ್ರುಸಾಬಣ್ಣ. ಗಾಲಿಗೆ ಗಾಳಿ ಹಾಕಿದವನು ದಿಲಾವರ. ಸ್ಟೇರಿಂಗ್ ಹಿಡಿದು ಕೂತ ಗುದ್ಲೆಪ್ಪ ಮಾತ್ರ ಪುಣೇದವ್ರು. "ಪುಣೇದವ್ರಿಗೆ ನೀರು ಕೊಡ್ರಿ." "ಪುಣೇದವ್ರು ಉಂಡ್ರೇನು?"

ಆ ಸೀಮೆಯಲ್ಲಿ ಹೆಣ್ಣುಮಗಳು ಬಾಯಿಬಿಟ್ಟು ಹೇಳದ ಹೆಸರೆಂದರೆ ಕಟ್ಟಿಕೊಂಡ ಗಂಡನದು. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಹಾಲವ್ವ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಹನ್ನೆರಡು ವರ್ಷದಲ್ಲಿ ಗಂಡನ ಹೆಸರಿರಲಿ, ಹಿತ್ತಲಿನ ಕರಿ ಎಮ್ಮೆಯನ್ನು ಕೂಡ 'ಕಾಡಿಗೆ ಬಣ್ಣದ್ದು' ಎನ್ನುತ್ತಿದ್ದಳು. ಹಾನಗಲ್ಲಿನ ತನ್ನ ಬಟ್ಟೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕರಿಬಸಪ್ಪ ಇದನ್ನು ಹೇಳಿ ಮೀಸೆಯಡಿಯಲ್ಲೇ ನಗುತ್ತಿದ್ದ. ಈಗ ನೋಡಿದರೆ ಆ ಮರ್ಯಾದೆಯಲ್ಲಿ ಇನ್ನೊಬ್ಬನಿಗೂ ಪಾಲು!

ಗುದ್ಲೆಪ್ಪ ಅವನ ಸಾಲೆಯ ಗೆಳೆಯ. ಪುಣೆಯಲ್ಲಿ ಗಾಡಿಗಳ ಬಾಡಿ ಕಟ್ಟುವ ಕೆಲಸ. ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಹಳೆಯ ಮ್ಯಾಟಡೋರ್ ವ್ಯಾನಿನೊಳಗೆ ಎರಡು ಮಂಚ, ಸ್ಟೋವು, ನೀರಿನ ಟಾಕಿ, ಹೂವಿನ ಪರದೆ ಎಲ್ಲ ಜೋಡಿಸಿಕೊಂಡು ಬಂದಿಳಿದಿದ್ದ. ಹಾನಗಲ್ಲಿನ ಅರ್ಧ ಊರು ಬಂದು ಗಾಲಿ ಮೇಲಿನ ಮನೆಯನ್ನು ಹಣಿಕಿ ಹಾಕಿ ನೋಡಿತ್ತು.

"ಎರಡು ದಿನ ತಿರುಗಿಸ್ಕೊಂಡು ಬರ್ತೇನಿ, ಎಲ್ಲಾರೂ ಹತ್ರಿ," ಎಂದಿದ್ದ ಗುದ್ಲೆಪ್ಪ. "ಕಡೀಕ ಹಿರೇಕೆರೂರು."

ಹಿರೇಕೆರೂರು ಹಾಲವ್ವನ ತವರು. ಗುದ್ಲೆಪ್ಪನ ತಾಯಿಯ ತವರೂ ಅದೇ. ಸಣ್ಣವನಿದ್ದಾಗ ಅವನು ಸೂಟಿಗೆಲ್ಲ ಅಲ್ಲಿಗೇ ಹೋಗುತ್ತಿದ್ದ. ಈ ಸಂಗತಿ ಕರಿಬಸಪ್ಪನಿಗೆ ನೆನಪಾದದ್ದು ಶಿಗ್ಗಾಂವಿ ದಾಟಿದ ಮೇಲೆ. ನೆನಪಾದದ್ದು ಮತ್ತೆ ತಲೆಯಿಂದ ಇಳಿಯಲಿಲ್ಲ. ಹಿಂದಿನ ಮಂಚದ ಮೇಲೆ ಕರಿಬಸಪ್ಪನ ತಾಯಿ ವೀರವ್ವ ಮೊಣಕಾಲು ನೀವಿಕೊಳ್ಳುತ್ತ, ನಡುನಡುವೆ ಗೊರಕೆ ಹೊಡೆಯುತ್ತ ಸುಖವಾಗಿದ್ದಳು.

ಸವಣೂರಿನ ದೊಡ್ಡ ಹುಣಸೆಮರದ ಬುಡದಲ್ಲಿ ನಿಂತು ಗುದ್ಲೆಪ್ಪ ಮೇಲೆ ನೋಡಿದ. "ಇದನ್ನ ನೆಡಾಕ ಎಂಥಾ ಗುದ್ದಲಿ ತಂದಿದ್ರೋ ಏನೋ!"

ಹಾಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕರಿಬಸಪ್ಪ ನಗಲಿಲ್ಲ. ಅವನಿಗೆ ಅಲ್ಲೇ ಹೊಳೆದಿತ್ತು. ಹಾಲವ್ವ ಗುದ್ದಲಿಯನ್ನು ಎಂದೂ ಗುದ್ದಲಿ ಎಂದವಳಲ್ಲ! ಗಂಡನ ಮನೆಗೆ ನಡೆಯಲು ಬಂದ ಮೊದಲ ವಾರದಿಂದಲೂ ಅದು ಅವಳಿಗೆ 'ಅಗಿಯೂದು'. ಹಿರೇಕೆರೂರಿನ ಕಡೆ ಹಾಗನ್ನುತ್ತಾರೆಂದು ಅವನು ಸುಮ್ಮನಿದ್ದ. ಅಂದರೆ ಹನ್ನೆರಡು ವರ್ಷದಿಂದಲೂ ಈ ಗುದ್ಲೆಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡೇ ತನಗೆ ರೊಟ್ಟಿ ಬಡಿದು ಹಾಕಿದ್ದಾಳೆ. ಆಮೇಲೆ ಅವಳು ಸವಣೂರು ಎಲೆಗೆ ಸುಣ್ಣ ಹಚ್ಚಿ ಎಲ್ಲರಿಗೂ ಕೊಟ್ಟಾಗ, ಗುದ್ಲೆಪ್ಪನ ಪಾಲಿಗೆ ಬಂದದ್ದೇ ದೊಡ್ಡ ಎಲೆಯಾಗಿ ಕಂಡಿತು.

ಮರುದಿನ ರಟ್ಟೀಹಳ್ಳಿ. ವೀರವ್ವ ಕಾಲುನೋವೆಂದು ವ್ಯಾನಿನಲ್ಲೇ ಉಳಿದಳು. ಗುದ್ಲೆಪ್ಪ ಇಂಜಿನ್ನಿಗೆ ನೀರು ಹಾಕುತ್ತಿದ್ದ. ಕದಂಬೇಶ್ವರನ ಗುಡಿಯಲ್ಲಿ ಪೂಜಾರಿ ಹೆಸರು ಕೇಳಿದ. ಅತ್ತೆಯ ಹೆಸರು, ತನ್ನ ಹೆಸರು ಹಾಲವ್ವನೇ ಹೇಳಿದಳು. ಗಂಡನದನ್ನು ಗಂಡನೇ ಹೇಳಿಕೊಂಡ.

"ಗಾಡಿಯವ್ರ ಹೆಸರೇನ್ರಿ?"

ಹಾಲವ್ವ ನೆಲ ನೋಡಿದಳು. "ಗಾಡಿಯವ್ರು ಅಂತ ಅಂದು ಒಂದು ಹೂ ಏರಿಸ್ರಿ ಸಾಕು."

ಅಲ್ಲಿಂದ ಹಿರೇಕೆರೂರಿಗೆ ಬಂದರು. ಹಾಲವ್ವನ ತವರಿನ ಓಣಿಯ ತುದಿಯಲ್ಲಿ ವ್ಯಾನು ನಿಂತಾಗ ಕರಿಬಸಪ್ಪ ತಡೆದುಕೊಂಡದ್ದೆಲ್ಲ ಹೊರಬಿತ್ತು.

"ಇಳಿಯೂಕಿಂತ ಮದಲ ಇವನ ಹೆಸರು ಹೇಳು."

ಹಾಲವ್ವ ಎರಡೂ ಕೈ ಮುಗಿದಳು. "ಬ್ಯಾಡ್ರಿ. ಅದೊಂದು ಕೇಳಬ್ಯಾಡ್ರಿ."

"ಯಾಕ? ಇವನೂ ನಿನ್ನ ಗಂಡನೇನು?"

ಗುದ್ಲೆಪ್ಪನ ಕೈ ಸ್ಟೇರಿಂಗಿನ ಮೇಲೇ ಉಳಿಯಿತು. ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿ ಇತ್ತ ತಿರುಗಿದರು.

"ನಿಮ್ಮ ಸಲುವಾಗಿನ ಹೇಳವಲ್ಲೆ ನಾ," ಎಂದಳು ಹಾಲವ್ವ. "ನನ್ನ ಮ್ಯಾಲ ನಂಬಿಗಿ ಇಡ್ರಿ."

"ಹೇಳು, ಇಲ್ಲಾ ಅಪ್ಪನ ಮನಿಗೆ ನಡಿ. ಹೊಳ್ಳಿ ಹಾನಗಲ್ಲಿಗೆ ಬರಬ್ಯಾಡ."

ಹಾಲವ್ವ ಬುತ್ತಿಯ ಗಂಟನ್ನು ಸೀಟಿನ ಮೇಲಿಟ್ಟು, ಇಳಿದು, ಓಣಿಯೊಳಗೆ ನಡೆದಳು.

ಗದ್ದಲಕ್ಕೆ ಎಚ್ಚರಾದ ವೀರವ್ವ ಪರದೆ ಸರಿಸಿ ಎದ್ದು ಕೂತಳು. ಗುದ್ಲೆಪ್ಪ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದ. ಮುದುಕಿ ಹಣೆ ಬಡಿದುಕೊಂಡಳು.

"ಎಂಥಾ ಕೆಲಸ ಮಾಡಿದ್ಯೋ ಮೂಳ! ಗುದ್ಲೆಪ್ಪ ಅನ್ನೂದು ನಿಂದ ತೊಟ್ಟಿಲ ಹೆಸರು. ಮೂರು ತಿಂಗಳ ಕೂಸಿದ್ದಾಗ ಬ್ಯಾನಿ ಬಂದು ಸಾಯಾಕ ಬಿದ್ದಿದ್ದಿ. ಈ ಹೆಸರು ಕೂಡಿಬರಂಗಿಲ್ಲ, ಇದು ತನ್ನ ಹೆಸರಂತ ಅವಗ ಎಂದೂ ಗೊತ್ತಾಗಬಾರ್ದು ಅಂತ ಅಯ್ನೋರು ಹೇಳಿದ್ರು, ಆಮ್ಯಾಲ ಕರಿಬಸಪ್ಪ ಅಂತ ಇಟ್ವಿ. ಮದಿವಿ ದಿನ ಇಕಿ ಕಿವ್ಯಾಗ ಅಷ್ಟ ಹೇಳಿದ್ದೆ, ಎರಡೂ ಹೆಸರು ಅನಬ್ಯಾಡವ್ವ, ಅವಗ ಹೇಳಬ್ಯಾಡ ಅಂತ. ಇವತ್ತಿನ ತನಕ ನಿನ್ನ ಜೀವ ಕಾಯ್ಕೊಂಡು ಬಂದಾಳ."

ಕರಿಬಸಪ್ಪ ಚಪ್ಪಲಿ ಮೆಟ್ಟದೆ ಕೆಳಗೆ ಹಾರಿದ. ಓಡಿದ. "ಹಾಲವ್ವಾ! ತಪ್ಪಾತು, ತಡಿ!"

ತವರಿನ ಹೊಸ್ತಿಲ ಮೇಲೆ ಕಾಲಿಟ್ಟವಳು ತಿರುಗಿದಳು. ಓಣಿಯ ಮಂದಿಗೆಲ್ಲ ಕೇಳುವ ಹಾಗೆ, ಸಾವಕಾಶವಾಗಿ ಹೇಳಿದಳು.

"ನನ್ನ ಟ್ರಂಕು ಕಳಿಸಿ ಕೊಡು, ಕರಿಬಸಪ್ಪ."