ಹಳದಿ ಬೆಲ್ಟು

ಬೆನ್ನಿಗೆ ಕೈ ಎಟುಕದೆ ಮುಲಾಮು ಹಚ್ಚಲು ನಾನು ಮಗಳನ್ನು ಕರೆದಾಗೆಲ್ಲ, ಆ ಘಾಟಿನೊಡನೆ ಮಧುರವಾಡದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಆ ಕಡಲತೀರದ ಊರಿಗೆ ಬಂದಿದ್ದರು. ಅಂದು ಅವರು, ನೌಕಾಪಡೆಯಲ್ಲಿದ್ದ ಪಕ್ಕದ ಮನೆಯ ಅಂಕಲ್ ಜೊತೆ ಹಾಲ್‌ನಲ್ಲಿ ವಾದಕ್ಕೆ ಕೂತಿದ್ದರು. ಅಂಕಲ್‌ಗೆ ಬಾಕ್ಸಿಂಗೇ ದೊಡ್ಡದು, ಅಪ್ಪನಿಗೆ ಊರಿನ ಕುಸ್ತಿ. ಹೊಸ ಹಳದಿ ಬೆಲ್ಟು ಕಟ್ಟಿಕೊಂಡು ಕರಾಟೆ ಕ್ಲಾಸಿನಿಂದ ಬಂದ ನನ್ನನ್ನು ನೋಡಿ ಇಬ್ಬರೂ ನಕ್ಕರು.

“ಇದು ಡ್ಯಾನ್ಸ್ ಕಣಮ್ಮ, ಹೊಡೆದಾಟಕ್ಕೆ ಬರಲ್ಲ,” ಎಂದರು ಅಂಕಲ್.

ನಾನು ಅಡುಗೆಮನೆಗೆ ಓಡಿ, ಅವ್ವನೆದುರು ಮೊಣಕೈ ಎತ್ತಿ ಏಟು ತಡೆಯುವುದನ್ನು ತೋರಿಸಿದೆ. “ಇದು ಕೆಲಸಕ್ಕ ಬರೂದಿಲ್ಲೇನವ್ವಾ?”

ಅವ್ವ ಒಲೆ ಸಣ್ಣ ಮಾಡಿ, ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. “ತಡದ್ರ ಸಿಟ್ಟು ಹೆಚ್ಚಾಗತೈತಿ. ಮಾರಿ ಮುಚ್ಚಿಕೊಂಡು ಬೆನ್ನು ಕೊಡಬೇಕು. ಮಾರಿ ಮ್ಯಾಲಿಂದು ಮಂದಿಗೆ ಕಾಣತೈತಿ.”

ಹಾಲ್‌ನಿಂದ ಅಪ್ಪನ ನಗು ಕೇಳಿಸಿತು. ಅವ್ವ ಬೇಳೆ ಡಬ್ಬಿಯ ಹಿಂದಿನಿಂದ ಮುಲಾಮು ತೆಗೆದು ನನ್ನ ಕೈಗಿಟ್ಟಳು. ಸೆರಗು ಸರಿಸಿ, ಗೋಡೆಯ ಕಡೆ ಮುಖ ಮಾಡಿ ಕೂತಳು.

“ಸಾವಕಾಶ ಹಚ್ಚವಾ,” ಎಂದಳು, “ನನ್ನ ಕೈ ಎಟಕೂದಿಲ್ಲ.”