ಆರು ಗಂಟೆಗೆ ತಾನಾಗಿ ಬಂದ ಮೆಸೇಜ್

ಮತ್ತೊಂದು ಫಾರ್ವರ್ಡ್ ಅಂತ ಬೆರಳು ಮುಂದೆ ಸರಿಸಬೇಡಿ… ಮನೆಯಲ್ಲಿ ಕೈ ಎತ್ತುವ ಅಭ್ಯಾಸ ಇರುವವರಂತೂ ಕೂತು ಓದಿ.

ಹುಬ್ಬಳ್ಳಿಯಲ್ಲಿ ಚನ್ನವೀರ ಎಂಬವನದು ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಹೊರಗಿನವರಿಗೆ ಬಂಗಾರದಂಥ ಮನುಷ್ಯ… ಒಳಗೆ ಮಾತ್ರ ಮೂಗಿನ ತುದಿಯಲ್ಲೇ ಕೋಪ!

ಅವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಹೆಂಡತಿ ಮಹಾನಂದಾ ಮೊಬೈಲ್ ಹಿಡಿದು ಕೂತಿದ್ದಳು. ಅಷ್ಟೇ ಸಾಕಾಯಿತು.

"ಯಾರಿಗೆ ಮೆಸೇಜ್ ಹಾಕಾಕತ್ತೀದಿ?" ಎಂದು ಮೊಬೈಲ್ ಕಿತ್ತು ಗೋಡೆಗೆ ಅಪ್ಪಳಿಸಿದ. ಕಪಾಳಕ್ಕೆ ಬಾರಿಸಿದ. ಕೂದಲು ಹಿಡಿದು ನೂಕಿದ… ಅವಳ ತಲೆ ಅಡುಗೆ ಕಟ್ಟೆಯ ಅಂಚಿಗೆ ಬಡಿಯಿತು. ಬಿದ್ದವಳು ಏಳಲಿಲ್ಲ.

"ನಾಟಕ ಮಾಡ್ತಾಳ" ಎಂದು ಹೊರಗಿನಿಂದ ಬೀಗ ಜಡಿದು ಆಫೀಸಿಗೆ ಬಂದುಬಿಟ್ಟ. ಎಂಥ ಎದೆ ನೋಡಿ!

ಆಫೀಸಿನಲ್ಲಿ ಆಗ ನಡೆಯುತ್ತಿದ್ದ ಕೆಲಸ ಏನು ಗೊತ್ತೇ? ಒಂದು ಮಹಿಳಾ ಸಂಘಕ್ಕೆ ವೆಬ್ ಆ್ಯಪ್.

ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಕ್ಕಳು ದಿನಾ ಸಂಜೆ ಆರರೊಳಗೆ 'ನಾನು ಕ್ಷೇಮ' ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ… ಆರಕ್ಕೆ ಸರಿಯಾಗಿ ಸರ್ವರ್ ತಾನಾಗಿಯೇ ಆ ಮನೆಯ ವಿಳಾಸವನ್ನು ಅಕ್ಕಪಕ್ಕದ ಹೆಂಗಸರಿಗೆ ಕಳಿಸುತ್ತದೆ. ಹೆಸರು ಇರುವುದಿಲ್ಲ, ವಿಳಾಸ ಮಾತ್ರ. ಅವರು ಹೋಗಿ ಬಾಗಿಲು ಬಡಿಯುತ್ತಾರೆ.

ಪ್ರಯೋಗಕ್ಕೆಂದು ಸಂಘದವರು ಕೆಲವು ಹೆಣ್ಣುಮಕ್ಕಳನ್ನು ಆಗಲೇ ಸೇರಿಸಿದ್ದರು. ಪ್ರಯೋಗ ಮುಗಿಯುವವರೆಗೆ ಆಫೀಸಿನವರ ಮೊಬೈಲಿಗೂ ಆ ಮೆಸೇಜ್ ಬರುವಂತೆ ಮಾಡಿದ್ದರು. ಚನ್ನವೀರನಿಗೆ ಅದು ಬರೀ ಒಂದು ಪ್ರಾಜೆಕ್ಟು.

ಇಂಥದ್ದನ್ನು ಟೆಸ್ಟ್ ಮಾಡುವವರ ಚಟ ಒಂದಿದೆ… ಆರರವರೆಗೆ ಯಾರು ಕಾಯುತ್ತಾರೆ ಎಂದು 'ರನ್ ನೌ', ಅಂದರೆ 'ಈಗಲೇ ಕಳಿಸು' ಎನ್ನುವ ಬಟನ್ ಒತ್ತಿಬಿಡುವುದು. ಮೆಸೇಜ್ ಬಂತು, ಟೆಸ್ಟ್ ಪಾಸ್, ನಡಿ ಚಹಾ ಕುಡಿಯೋಣ!

ಟೆಸ್ಟಿಂಗ್ ಮಾಡುವ ದಿಲ್‌ಶಾದ್ ಮಾತ್ರ ಹಿಂದಿನ ದಿನ ತನ್ನದೇ ಮನೆಯ ವಿಳಾಸ ಹಾಕಿ, ಯಾವ ಬಟನ್ನೂ ಮುಟ್ಟದೆ ಕಾದಿದ್ದಳು. ಆರಾಯಿತು… ಮೆಸೇಜ್ ಇಲ್ಲ. ಬಂದದ್ದು ರಾತ್ರಿ ಹನ್ನೊಂದೂವರೆಗೆ!

ಸರ್ವರಿನ ಗಡಿಯಾರ ಹೊರದೇಶದ ಟೈಮಿನಲ್ಲಿತ್ತು. ಬಟನ್ ಒತ್ತಿ ಮನೆಗೆ ಹೋಗುವವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಬೆಳಿಗ್ಗೆ ಅದನ್ನು ಸರಿ ಮಾಡಿಸಿ, ಇವತ್ತು ಮತ್ತೆ ಆರಕ್ಕೆ ಕಾಯುತ್ತಿದ್ದಳು. ಚನ್ನವೀರ ಉರಿದುಬಿದ್ದ.

"ಇವತ್ತ ಒಪ್ಪಸ್ಬೇಕು ಅಂತ ಹೇಳೇನಿಲ್ಲೋ? ರನ್ ನೌ ಒತ್ತಿ ಮುಗಸು!"

"ನಾವು ಒತ್ತಿದ್ರ ಬರ್ತದ ಸರ್ರ… ಒತ್ತಾಕ ಯಾರೂ ಇಲ್ಲದಾಗ ಬರ್ತದೋ ಇಲ್ಲೋ, ಅದನ್ನ ನೋಡಬೇಕಲ್ರೀ?"

ಎದುರುತ್ತರ ಬೇರೆ! ಕುರ್ಚಿ ಎತ್ತಿ ಎಸೆದ. ಗಾಜಿನ ಬಾಗಿಲು ಪುಡಿಪುಡಿಯಾಯಿತು. ಅವಳ ಮಣಿಕಟ್ಟು ಹಿಡಿದು ಮೌಸಿನ ಮೇಲೆ ಅದುಮಿದ. "ಒತ್ತು ಅಂದ್ರ ಒತ್ತು!"

"ಕೈ ಮುರೀರಿ ಬೇಕಾದ್ರ… ಒತ್ತೂದಿಲ್ಲ" ಎಂದು ಅವಳು ಕೈ ಕಿತ್ತುಕೊಂಡಳು.

ಅಷ್ಟರಲ್ಲಿ ಆರಾಯಿತು. ಯಾರೂ ಏನನ್ನೂ ಮುಟ್ಟಲಿಲ್ಲ… ಎಲ್ಲರ ಮೊಬೈಲುಗಳೂ ಒಟ್ಟಿಗೇ ಸದ್ದು ಮಾಡಿದವು.

"ಬಂತು ಸರ್ರ! ತಾನಾಗೇ ಬಂತು!"

ಚನ್ನವೀರ ಓದಿದ… ಮೊದಲನೆಯದು ದಿಲ್‌ಶಾದ್ ಮನೆಯ ವಿಳಾಸ. ಅದರ ಕೆಳಗೇ ಇನ್ನೊಂದು… 'ಕಂಬಾರ ಓಣಿ, ಬೇವಿನ ಮರದ ಎದುರು, ಹಸಿರು ಬಾಗಿಲಿನ ಮನೆ.'

ಅಯ್ಯೋ, ಅವನದೇ ಮನೆ!

"ನನ್ನ ಮನಿ ವಿಳಾಸ ಯಾಂವ ಹಾಕಿದಾಂವ?" ಎಂದು ದಿಲ್‌ಶಾದ್ ಮೇಲೆ ಕೈ ಎತ್ತಿದ.

"ನಾ ಹಾಕಿದ್ದು ನಮ್ಮ ಮನಿ ವಿಳಾಸ ಅಷ್ಟ ರೀ… ಇದು ಸಂಘದವರು ಸೇರಿಸಿದ್ದು. ಆ ಮನ್ಯಾಗ ಯಾರೋ ನಿಜವಾಗ್ಲೂ ಬಟನ್ ಒತ್ತಿಲ್ಲ ಸರ್ರ!"

ಎತ್ತಿದ ಕೈ ಅಲ್ಲೇ ನಿಂತಿತು. ಮಧ್ಯಾಹ್ನ ಮಹಾನಂದಾ ಮೊಬೈಲ್ ಹಿಡಿದಿದ್ದು 'ನಾನು ಕ್ಷೇಮ' ಒತ್ತಲೆಂದೇ ಎಂಬುದು ಈಗ ಹೊಳೆಯಿತು. ಬಿದ್ದವಳು ಏಳದೇ ಇದ್ದದ್ದೂ…

ಅವನು ಓಡಿ ಬರುವಷ್ಟರಲ್ಲಿ ಓಣಿಯ ಹೆಂಗಸರು ಒರಳಿನ ಗುಂಡಿನಿಂದ ಬೀಗ ಒಡೆದಿದ್ದರು. ಪಕ್ಕದ ಮನೆಯ ಕಾಶವ್ವ, ರಕ್ತದಲ್ಲಿ ತೊಯ್ದ ಮಹಾನಂದಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಟೋದಲ್ಲಿ ಕೂತಿದ್ದಳು.

ಹತ್ತಿರ ಹೋದವನ ಎದೆಗೆ ಗುದ್ದಿದಳು. "ಮುಟ್ಟಿದ್ರ ಕೈ ಕಡೀತೀನಿ ಮಗನ!"

ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಹೇಳಿದ್ದು ಇಷ್ಟೇ… "ಇನ್ನೊಂದು ತಾಸು ತಡ ಆಗಿದ್ರ ಉಳೀತಿರಲಿಲ್ಲ."

ಒಂದು ತಾಸು! ಹಳೆಯ ಗಡಿಯಾರವೇ ಇದ್ದಿದ್ದರೆ ಮೆಸೇಜ್ ಬರುತ್ತಿದ್ದದ್ದು ಹನ್ನೊಂದೂವರೆಗೆ. ಚನ್ನವೀರ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ.

ಮರುದಿನ ಮಹಾನಂದಾ ಕಣ್ಣು ಬಿಟ್ಟಳು. ತಪ್ಪಾಯಿತು ಎನ್ನಬೇಕೆಂದು ಅವನು ಹತ್ತಿರ ಹೋಗಿ, ತಲೆ ಸವರಲು ಮೆಲ್ಲಗೆ ಕೈ ಚಾಚಿದ…

ಸಲೈನ್ ಚುಚ್ಚಿದ್ದ ಅವಳ ಕೈ ಥಟ್ಟನೆ ಮೇಲೆದ್ದು ಮುಖಕ್ಕೆ ಅಡ್ಡ ಬಂತು.

ಯಾರೂ ಬಟನ್ ಒತ್ತಿರಲಿಲ್ಲ… ಆ ಕೈ ತಾನಾಗಿಯೇ ಎದ್ದಿತ್ತು. ಇಷ್ಟು ವರ್ಷ ಅದಕ್ಕೆ ಆ ಪಾಠ ಕಲಿಸಿದವನು ಅವನೇ!

ಚನ್ನವೀರ ಹೊರಗೆ ಬಂದು, ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ತಾನಾಗಿಯೇ ಒಪ್ಪಿಕೊಂಡ. ಈಗಲೂ ಅಳುತ್ತಾನಂತೆ… ಅಳಲಿ ಬಿಡಿ. ಯಾರಾದರೂ ಹತ್ತಿರ ಬಂದರೆ ಮಹಾನಂದಾಳ ಕೈ ಇವತ್ತಿಗೂ ಮೇಲೇಳುತ್ತದೆ.

ಹತ್ತು ಜನರೆದುರು ಮಾಡಿ ತೋರಿಸುವುದು ಬರೀ ಡೆಮೋ… ಯಾರೂ ನೋಡದಾಗ ನಾವು ನಡೆದುಕೊಳ್ಳುವುದೇ ನಮ್ಮ ನಿಜವಾದ ಟೆಸ್ಟು.

ಇವತ್ತು ಸಂಜೆ ನೀವು ಬಾಗಿಲು ತೆರೆದು ಒಳಗೆ ಹೋದಾಗ… ನಿಮ್ಮ ಮನೆಯವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಕೈ ಹಿಡಿಯಲೋ… ತಮ್ಮ ಮುಖ ಮುಚ್ಚಿಕೊಳ್ಳಲೋ?