ಹೊಸ್ತಿನ ದಿನದ ಹಾರ್ಡ್ ಡಿಸ್ಕ್

ಕಂಪ್ಯೂಟರ್ ಮೂರನೇ ಸಲವೂ ಕುಂಯ್ ಎಂದು ಸುಮ್ಮನಾಯಿತು. ಸ್ನೇಹಲತಾ ಸ್ವಿಚ್ಚಿನ ಮೇಲಿನ ಬೆರಳು ತೆಗೆಯಲಿಲ್ಲ. ಹೊಸ ಹಾರ್ಡ್ ಡಿಸ್ಕನ್ನು ನಿನ್ನೆ ಸಂಜೆ ತಾನೇ ಕೂರಿಸಿ, ತಾನೇ ಸ್ಕ್ರೂ ಬಿಗಿದಿದ್ದಳು. ತನ್ನಿಂದ ತಪ್ಪಾಗಿಲ್ಲ ಎಂಬುದು ಅವಳಿಗೆ ಖಾತ್ರಿ. ಆದರೆ ಆ ಖಾತ್ರಿ ಕಂಪ್ಯೂಟರಿಗೂ ಇರಬೇಕಲ್ಲ.

ಹಾಲಾಡಿಯ ಆ ಮನೆಯಲ್ಲಿ ಅಂದು ಹೊಸ್ತು, ಹೊಸ ಬೆಳೆಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬ. ಬೆಳಿಗ್ಗೆ ಗಂಡ ಸುಧೀರ ಹೊಸ ಭತ್ತದ ಕದಿರನ್ನು, ಕಾಳು ತುಂಬಿದ ತೆನೆಗಳನ್ನು, ಗದ್ದೆಯಿಂದ ತಲೆ ಮೇಲೆ ಹೊತ್ತು ತಂದಿದ್ದ. ತುಳಸಿಕಟ್ಟೆಯಲ್ಲಿ ಪೂಜೆಯಾದ ಮೇಲೆ ಅತ್ತೆ ಗಿರಿಜಮ್ಮ ಆ ಕದಿರಿಗೆ ಮಾವಿನೆಲೆ, ಬಿದಿರೆಲೆ ಸೇರಿಸಿ, ನಾರು ಸುತ್ತಿ, ಮನೆಯನ್ನು ಸಾಕುವ ಎಲ್ಲಕ್ಕೂ ಕಟ್ಟುತ್ತ ಹೋಗಿದ್ದರು. ಕಣಜಕ್ಕೆ, ಬಾವಿಯ ರಾಟೆಗೆ, ಟಿಲ್ಲರಿಗೆ, ದನದ ಹಟ್ಟಿಯ ಕಂಬಕ್ಕೆ, ಸುಧೀರನ ಬೈಕಿಗೂ ಒಂದು. ಆ ಬೈಕು ಯಾರನ್ನು ಸಾಕಿತ್ತೋ ದೇವರಿಗೇ ಗೊತ್ತು. ಕುಂದಾಪುರದ ಸ್ಟುಡಿಯೋಗಳಿಗೆ ಮದುವೆ ಆಲ್ಬಮ್ ಮಾಡಿಕೊಟ್ಟು ಹಟ್ಟಿಗೆ ಹೊಸ ಹೆಂಚು ಹಾಕಿಸಿದ್ದು ಈ ಕಂಪ್ಯೂಟರ್. ಆದರೂ ಮದುವೆಯಾಗಿ ಬಂದಲ್ಲಿಂದ ಇದಕ್ಕೊಂದು ಕದಿರು ಕಟ್ಟಿದ್ದನ್ನು ಸ್ನೇಹಲತಾ ಕಂಡಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ, ಅದು ಪಟ ಕಾಂಬ ಪೆಟ್ಟಿಗೆ ಅಲ್ದಾ ಎಂದು, ಚಿತ್ರ ನೋಡುವ ಆಟಿಕೆಯೆಂಬಂತೆ, ಅತ್ತೆ ಮುಂದೆ ಹೋಗಿದ್ದರು. ಆ ಮಾತು ಮೀನಿನ ಮುಳ್ಳಿನ ಹಾಗೆ ಅವಳ ಗಂಟಲಲ್ಲೇ ಉಳಿದಿತ್ತು. ಇವತ್ತೂ ಪೆಟ್ಟಿಗೆಯ ಮೇಲೆ ಒಂದು ಎಲೆಯೂ ಕಾಣಲಿಲ್ಲ.

ನಲವತ್ತು ಜಿಬಿಯ ಹಳೆ ಡಿಸ್ಕು ತುಂಬಿ, ಇನ್ನೊಂದು ಫೋಟೋ ಹಾಕಲೂ ಜಾಗವಿಲ್ಲದೆ ಹೋದಾಗ ಅವಳೇ ಕುಂದಾಪುರಕ್ಕೆ ಹೋಗಿ ಇನ್ನೂರೈವತ್ತು ಜಿಬಿಯದ್ದು ತಂದಿದ್ದಳು. ಕಂಪ್ಯೂಟರ್ ಅಂಗಡಿಯ ಪದ್ದುವನ್ನು ಕರೆಸು, ಹಾಳಾದರೆ ಯಾರು ಹೊಣೆ ಎಂದು ಅತ್ತೆ ತಡೆದರು. ಇವಳು ಬಿಡುವವಳಲ್ಲ.

"ದನದ ಹಾಲ್ ಕರೂಕೆ ನೀವ್ ಯಾರನ್ನಾರೂ ಕರಸ್ತ್ರಾ ಅತ್ತೆ?" ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

ಹಳೆಯದರ ಪಕ್ಕದಲ್ಲೇ ಹೊಸದನ್ನೂ ಕೂರಿಸಿ, ಕೇಬಲ್ ಸಿಕ್ಕಿಸಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಮುಚ್ಚಳ ತೆಗೆದ ಪೆಟ್ಟಿಗೆಗೆ ಮೈ ಒರೆಸುವ ಒಗೆದ ಬೈರಾಸು ಹೊದಿಸಿ ಎದ್ದಿದ್ದಳು. ಕರೆಂಟು ಬಂದದ್ದು ಇವತ್ತು ಪೂಜೆಯೆಲ್ಲ ಮುಗಿದ ಮೇಲೆ. ಬೈರಾಸು ಎಳೆದು, ಮುಚ್ಚಳ ಹಾಕಿ, ಸ್ವಿಚ್ ಒತ್ತಿದ್ದಷ್ಟೇ. ಸ್ಟುಡಿಯೋದ ರತನ್ ನಾಳೆ ಕೇಳಿಕೊಂಡು ಬರುವ ಆಲ್ಬಮ್ ಇಡೀ ಹಳೆ ಡಿಸ್ಕಿನಲ್ಲೇ ಇತ್ತು. ಅದು ಹೋದರೆ ಕೆಲಸವೂ ಹೋಯಿತು, ಈ ಮನೆಯಲ್ಲಿ ಅವಳ ಮಾತೂ ಹೋಯಿತು.

ಅಡುಗೆಮನೆಯಿಂದ ಕೈ ಒರೆಸುತ್ತ ಬಂದ ಗಿರಿಜಮ್ಮ ಬಾಗಿಲಲ್ಲೇ ನಿಂತರು. ಬೇರೆ ದಿನವಾದರೆ ಪದ್ದುವಿನ ಹೆಸರು ಹತ್ತು ಸಲ ಬರುತ್ತಿತ್ತು. ಇವತ್ತು ತುಟಿ ಬಿಚ್ಚಲಿಲ್ಲ. ಒಳಗೊಳಗೇ ಖುಷಿಪಡುತ್ತಿದ್ದಾರೆ ಎಂದು ಸ್ನೇಹಲತಾಗೆ ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲೇ ನಾಲ್ಕನೇ ಸಲ ಸ್ವಿಚ್ ಒತ್ತಿ ಕಿವಿಗೊಟ್ಟಳು. ದಿನಾ ಕೇಳುವ ಗುಂಯ್ ಶಬ್ದ ಇಲ್ಲ. ಫ್ಯಾನ್ ತಿರುಗುತ್ತಿಲ್ಲ, ಅದಕ್ಕೇ ಪೆಟ್ಟಿಗೆ ತಾನಾಗಿ ಆರುತ್ತಿದೆ. ಹಾಗಾದರೆ ಇದು ಡಿಸ್ಕಿನ ತಪ್ಪಲ್ಲ, ತನ್ನದೂ ಅಲ್ಲ.

ಪ್ಲಗ್ ಎಳೆದು, ಮುಚ್ಚಳ ಬಿಚ್ಚಿ, ಅಗಲದ ಕೇಬಲ್ಲನ್ನು ಪಕ್ಕಕ್ಕೆ ಸರಿಸಿದಳು. ಅದರ ಹಿಂದೆ, ಅಂಗೈಯಷ್ಟು ದೊಡ್ಡ ಫ್ಯಾನಿನ ಎಸಳಿಗೆ ನಾರು ಸುತ್ತಿ ಕಟ್ಟಿದ ಒಂದು ಕದಿರು. ಮಾವಿನೆಲೆ ಇನ್ನೂ ಹಸಿರಾಗಿತ್ತು. ಅದರ ಮೇಲೆ ಅರಿಶಿನದ ಒಂದು ಚುಕ್ಕೆಯೂ ಇತ್ತು.

ಇಷ್ಟು ವರ್ಷ ಕಾದದ್ದು ಕಣ್ಣ ಮುಂದೆಯೇ ಇದ್ದರೂ ಸ್ನೇಹಲತಾಗೆ ಒಂದು ಗಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಗಿರಿಜಮ್ಮನ ಮುಖ ಬಾಡಿತ್ತು.

"ಪೆಟ್ಟಿಗೆ ಬಾಗ್ಲ್ ತೆಗ್ದೇ ಇತ್ತಲ್ಲ, ಹೆಣೆ. ಕಣಜಕ್ಕೂ ಒಳಗೇ ಅಲ್ದಾ ಕಟ್ಟುದ್. ಆ ಫ್ಯಾನ್ ಕಾಂಬುಕೆ ಬಾವಿ ರಾಟಿ ಹಂಗೇ ಇದ್ದಿತ್" ಎಂದು ತಡವರಿಸಿದರು. ಆಮೇಲೆ ದನಿ ತಗ್ಗಿಸಿ, ಹೊಸ್ತಿನ ದಿನ ಕಟ್ಟಿದ್ದನ್ನು ಬಿಚ್ಚಬಾರದು, ಅದಕ್ಕೇ ಹೇಳಲು ಬಾಯಿ ಬರಲಿಲ್ಲ ಎಂದರು.

"ಬಿಚ್ಚುದಲ್ಲ ಅತ್ತೆ, ಜಾಗ ಬದಲ್ಸುದ್" ಎಂದಳು ಸ್ನೇಹಲತಾ. "ಇವತ್ ಈ ಪೆಟ್ಟಿಗೆಯೊಳಗೆ ಫೋಟೋಗಳದ್ದೂ ಅದೇ ಕೆಲ್ಸ."

ಗಂಟಿಗೆ ಕೈ ಹಚ್ಚದೆ, ನಾರಿನ ಕುಣಿಕೆಯನ್ನು ಹಾಗೆಯೇ ಎಸಳಿನಿಂದ ಮೆಲ್ಲಗೆ ಜಾರಿಸಿ ತೆಗೆದಳು. ಒಂದು ಕಾಳೂ ಉದುರಲಿಲ್ಲ. ಪೆಟ್ಟಿಗೆಯ ಹಿಂದೆ, ಬಿಸಿ ಗಾಳಿ ಹೊರಬರುವ ಕಿಂಡಿಯ ಹತ್ತಿರದ ಒಂದು ಸ್ಕ್ರೂವಿಗೆ ಅದೇ ಕುಣಿಕೆ ಸಿಕ್ಕಿಸಿ, ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ಗುಂಯ್ ಎಂದಿತು. ಪರದೆಯ ಮೇಲೆ ಎರಡೂ ಡಿಸ್ಕುಗಳು ಕಾಣಿಸಿಕೊಂಡವು. ತಾನು ಕೂರಿಸಿದ್ದು ಸರಿಯಾಗಿಯೇ ಇತ್ತು ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಈಗ ಅತ್ತೆಗೂ ಗೊತ್ತಾಯಿತು. ಆಲ್ಬಮ್ ಒಂದೊಂದೇ ಫೋಟೋವಾಗಿ ಹೊಸ ಡಿಸ್ಕಿಗೆ ದಾಟತೊಡಗಿತು. ಪೆಟ್ಟಿಗೆಯ ಹಿಂದೆ ಕದಿರು ಆ ಬಿಸಿ ಗಾಳಿಗೆ ಗದ್ದೆಯಲ್ಲಿದ್ದ ಹಾಗೇ ತೂಗುತ್ತಿತ್ತು.

ಗಿರಿಜಮ್ಮ ಹತ್ತಿರ ಬಂದು, ಸೊಸೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಓಡುತ್ತಿದ್ದ ಫೋಟೋಗಳನ್ನೇ ನೋಡಿದರು. ಸ್ನೇಹಲತಾಗೆ ಆ ಗಂಟಲ ಮುಳ್ಳನ್ನು ಕಿತ್ತೇಬಿಡಬೇಕು ಅನಿಸಿತು.

"ಪಟ ಕಾಂಬ ಪೆಟ್ಟಿಗೆಗೆ ಎಂತಕೆ ಕಟ್ಟಿದ್ರಿ ಅತ್ತೆ?"

ಗಿರಿಜಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ತುಂಬಿ ಹೋಯ್ತ್, ಇನ್ನ್ ಜಾಗ ಇಲ್ಲೆ ಅಂದ್ಯಲ್ಲ ನೀನ್" ಎಂದರು. "ಕಣಜದ ಹಂಗೆ ತುಂಬುದಕ್ಕೆ ಅಲ್ದೆ ಇನ್ನ್ ಯಾವ್ದಕ್ಕೆ ಕಟ್ಟುದ್ ಹೆಣೆ, ಕದ್ರ್?"